ಮಾತುಗಾರನಲ್ಲದ ರೋಜರ್ ಶರ್ಮನ್

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ವಿದ್ಯಾರ್ಥಿ ಸಂಘದ ಸಭೆಯಲ್ಲಿ ನೀನು ವಿಮೆ ಶುಲ್ಕದ ಬಗ್ಗೆ ಮಾತಾಡುವಾಗ ನಿನ್ನ ಉಚ್ಚಾರಣೆ ಕೇಳಿ ಯಾರೋ ಮುಸಿಮುಸಿ ನಕ್ಕರಂತೆ. ಇನ್ನು ಬಾಯಿ ಬಿಡಲ್ಲ, ಪ್ರತಿನಿಧಿ ಕೆಲಸಕ್ಕೆ ರಾಜೀನಾಮೆ ಕೊಡ್ತೀನಿ ಅಂದೆಯಂತೆ. ನಿನ್ನಮ್ಮ ಹೇಳಿದಳು. ಕೊಡಬೇಡ ಮಗಳೇ. ಅಮೆರಿಕದಲ್ಲಿ ನೀನಿರುವ ನ್ಯೂ ಹೇವನ್ ಊರಿನವನೇ ಒಬ್ಬನ ವಿಷಯ ಹೇಳುತ್ತೇನೆ, ಸಮಾಧಾನವಾಗಿ ಓದು.

ಆ ಊರಿನ ಮೊದಲ ಮೇಯರ್ ರೋಜರ್ ಶರ್ಮನ್. ಹುಟ್ಟಿದ್ದು 1721ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ. ಕಲಿತ ಕಸುಬು ಬೂಟು ಹೊಲಿಯುವುದು. ಇಪ್ಪತ್ತರ ಆಸುಪಾಸಿನಲ್ಲೇ ಅಪ್ಪ ತೀರಿಕೊಂಡು ಮನೆಯ ಭಾರ ತಲೆ ಮೇಲೆ ಬಿತ್ತು. ಕನೆಕ್ಟಿಕಟ್‌ಗೆ ಬಂದು ಜಮೀನಿನ ಸರ್ವೆ ಮಾಡಿದ, ಅಂಗಡಿ ಇಟ್ಟ, ಗ್ರಹಗತಿಯ ಲೆಕ್ಕ ತಾನೇ ಹಾಕಿ ಹಲವು ವರ್ಷ ಪಂಚಾಂಗ ಅಚ್ಚು ಹಾಕಿಸಿದ. ಕಾನೂನನ್ನೂ ಸ್ವಂತವಾಗಿ ಓದಿ 1754ರಲ್ಲಿ ವಕೀಲನಾದ. ಮರುವರ್ಷವೇ ಶಾಸನಸಭೆಗೆ ಹೋದ. ಕಾಲೇಜು ಮೆಟ್ಟಿಲನ್ನೇ ಹತ್ತದ ಈತ ಮುಂದೆ ನಿಮ್ಮ ಯೇಲ್ ಕಾಲೇಜಿನ ಖಜಾಂಚಿಯಾದ!

ಆದರೆ ಮಾತು? ಮುಂದೆ ಅಧ್ಯಕ್ಷನಾದ ಜಾನ್ ಆಡಮ್ಸ್ 1775ರ ತನ್ನ ದಿನಚರಿಯಲ್ಲಿ ಶರ್ಮನ್ ಭಾಷಣಕ್ಕೆ ನಿಲ್ಲುವ ರೀತಿಯನ್ನು ಬರೆದಿಟ್ಟಿದ್ದಾನೆ. ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತಿದ್ದ. ಎಡಗೈ ಮುಷ್ಟಿ ಬಿಗಿದು, ಅದರ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಳ್ಳುತ್ತಿದ್ದ. ಕೈ ಆಡಿಸಿದರೆ ಅದೂ ಸೆಟೆದುಕೊಂಡೇ ಇರುತ್ತಿತ್ತು. ಜಾರ್ಜಿಯಾದ ಪ್ರತಿನಿಧಿ ವಿಲಿಯಂ ಪಿಯರ್ಸ್ ಅಂತೂ ಅವನ ಹಳ್ಳಿ ಉಚ್ಚಾರಣೆಯನ್ನೂ ಒಡ್ಡೊಡ್ಡಾದ ನಿಲುವನ್ನೂ ಎತ್ತಿ ಆಡಿದ. ಆದರೂ ಇವನಿಗಿಂತ ಒಳ್ಳೆಯ ಮನಸ್ಸು, ಇವನಿಗಿಂತ ತಿಳಿಯಾದ ತಲೆ ಯಾರಿಗೂ ಇಲ್ಲ ಅಂತ ಅದೇ ಪಿಯರ್ಸ್ ಒಪ್ಪಿಕೊಂಡಿದ್ದಾನೆ.

1787ರ ಬೇಸಿಗೆ, ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವ ಸಭೆ. ಶರ್ಮನ್‌ಗೆ 66 ವರ್ಷ. ಅಲ್ಲಿ ಅವನಿಗಿಂತ ದೊಡ್ಡವನು ಬೆಂಜಮಿನ್ ಫ್ರಾಂಕ್ಲಿನ್ ಒಬ್ಬನೇ. ಜನ ಜಾಸ್ತಿ ಇದ್ದಲ್ಲಿ ಪ್ರತಿನಿಧಿಗಳೂ ಜಾಸ್ತಿ ಇರಲಿ ಅಂತ ದೊಡ್ಡ ರಾಜ್ಯಗಳ ಹಟ. ಎಲ್ಲ ರಾಜ್ಯಕ್ಕೂ ಸಮಾನ ವೋಟು ಬೇಕು ಅಂತ ಚಿಕ್ಕವುಗಳ ಹಟ. ಜೂನ್ 11ರಂದು ಶರ್ಮನ್ ಎದ್ದು ಹೇಳಿದ್ದು ಇಷ್ಟೇ: ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಒಂದು ಸದನದಲ್ಲಿ ಜನಸಂಖ್ಯೆಯ ಪ್ರಕಾರ ಇರಲಿ, ಇನ್ನೊಂದರಲ್ಲಿ, ಅಂದರೆ ಸೆನೆಟ್‌ನಲ್ಲಿ, ಪ್ರತಿ ರಾಜ್ಯಕ್ಕೆ ಒಂದೇ ವೋಟು ಇರಲಿ. ಸೆನೆಟ್‌ನ ಆ ಭಾಗ ಅವತ್ತು 5-6ರಲ್ಲಿ ಬಿದ್ದುಹೋಯಿತು. ಅವನು ಮುನಿಸಿಕೊಂಡು ಮೂಲೆ ಹಿಡಿಯಲಿಲ್ಲ. ಆ ಸಭೆಯಲ್ಲಿ ಒಟ್ಟು ನೂರಕ್ಕೂ ಹೆಚ್ಚು ಸಲ ಎದ್ದು ಮಾತಾಡಿದ, ಹೆಚ್ಚಿನವು ಚಿಕ್ಕಚಿಕ್ಕ ಮಾತು. ವಾದ ಕಾವೇರಿ ಸಭೆಯೇ ಒಡೆಯುವ ಹಂತಕ್ಕೆ ಬಂದ ಮೇಲೆ, ಜುಲೈ 16ರಂದು 5-4ರಲ್ಲಿ ಅದೇ ಯೋಚನೆ ಗೆದ್ದಿತು. ಇವತ್ತು ಕನೆಕ್ಟಿಕಟ್‌ನಷ್ಟು ಪುಟ್ಟ ರಾಜ್ಯಕ್ಕೂ ಇಬ್ಬರು ಸೆನೆಟರ್‌ಗಳಿರುವುದು ಇದರಿಂದಲೇ.

ಹಾಗಂತ ಅವನು ಮಾಡಿದ ರಾಜಿಯನ್ನೆಲ್ಲ ನೀನು ಮೆಚ್ಚಬೇಕಾಗಿಲ್ಲ. ಆಗಸ್ಟ್‌ನಲ್ಲಿ ಗುಲಾಮರ ವ್ಯಾಪಾರದ ಚರ್ಚೆ ಬಂದಾಗ, ಅದು ಕೆಟ್ಟದ್ದು ಅಂದ. ಹಾಗೆ ಅಂದವನೇ, ಒಕ್ಕೂಟ ಮುರಿಯಬಾರದು ಅಂತ ಅದನ್ನು ಇದ್ದ ಹಾಗೇ ಬಿಡೋಣ ಅಂದ. ಕೊನೆಗೆ 1808ರವರೆಗೆ ಕಾಂಗ್ರೆಸ್ ಅದನ್ನು ನಿಷೇಧಿಸುವ ಹಾಗೇ ಇಲ್ಲ ಅಂತ ಬರೆದರು. ಸೀಟಿನ ಲೆಕ್ಕದಲ್ಲಿ ಹೊಂದಿಕೊಳ್ಳಬಹುದು. ಆದರೆ ಮನುಷ್ಯರನ್ನು ಮಾರುವುದರಲ್ಲಿ ಎಂಥ ಹೊಂದಾಣಿಕೆ? ಅಲ್ಲಿ ಅವನು ಸೋತ ಅಂತಲೇ ನನ್ನ ಅಭಿಪ್ರಾಯ. ನೀನೂ ಸಭೆಯಲ್ಲಿ ಕೂತಾಗ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ.

ಇನ್ನೊಂದು ಪ್ರಸಂಗ ನನಗೆ ಬಹಳ ಇಷ್ಟ. ಸಂವಿಧಾನಕ್ಕೆ ಹಕ್ಕುಗಳ ಪಟ್ಟಿ ಬೇಡ ಅನ್ನುತ್ತಿದ್ದವರಲ್ಲಿ ಶರ್ಮನ್ ಕೂಡ ಒಬ್ಬ. 1789ರಲ್ಲಿ ಜೇಮ್ಸ್ ಮ್ಯಾಡಿಸನ್ ತಿದ್ದುಪಡಿಗಳನ್ನು ತಂದಾಗ ಶರ್ಮನ್ ಪ್ರತಿನಿಧಿ ಸಭೆಯಲ್ಲಿದ್ದ. ಬೇಡ ಅಂದಿದ್ದವನೇ ಅವನ್ನು ಪರಿಶೀಲಿಸುವ ಸಮಿತಿಯಲ್ಲೂ ಕೂತು ಕೆಲಸ ಮಾಡಿದ. ಮೂಲದ ಸಾಲುಗಳ ಮಧ್ಯೆಯೇ ತಿದ್ದುಪಡಿ ಸೇರಿಸಬೇಕು ಅನ್ನುವುದು ಮ್ಯಾಡಿಸನ್‌ನ ಆಸೆ. ಮೂಲವನ್ನು ಮುಟ್ಟಬೇಡಿ, ಕೊನೆಯಲ್ಲಿ ಬೇರೆಯಾಗಿ ಜೋಡಿಸಿ ಅಂತ ಶರ್ಮನ್ ಹೇಳಿದ. ಆಗಸ್ಟ್ 13ರಂದು ಸಭೆ ಒಪ್ಪಲಿಲ್ಲ. ಮತ್ತೆ ಕೇಳಿದ. 19ರಂದು ಒಪ್ಪಿತು. ಅಮೆರಿಕದ ಸಂವಿಧಾನದ ಯಾವ ಪ್ರತಿ ತೆಗೆದರೂ ತಿದ್ದುಪಡಿಗಳು ಕೊನೆಯಲ್ಲಿ ಸಾಲಾಗಿ ಇರುತ್ತವಲ್ಲ, ಅದರ ಹಿಂದೆ ಇರುವುದು ಇವನ ಪಟ್ಟು.

1793ರಲ್ಲಿ ತೀರಿಕೊಂಡಾಗ ಸೆನೆಟರ್ ಆಗಿದ್ದ, ಮೇಯರ್ ಕೂಡ ಆಗಿದ್ದ. 1774ರಲ್ಲಿ ಬ್ರಿಟಿಷ್ ಸರಕನ್ನು ಬಹಿಷ್ಕರಿಸಿದ ಒಪ್ಪಂದ, ಸ್ವಾತಂತ್ರ್ಯ ಘೋಷಣೆ, ಸಂವಿಧಾನಕ್ಕೆ ಮುಂಚೆ ಇದ್ದ ಒಕ್ಕೂಟದ ಕರಾರು, ಸಂವಿಧಾನ, ಈ ನಾಲ್ಕಕ್ಕೂ ಸಹಿ ಹಾಕಿದವನು ಇವನೊಬ್ಬನೇ.

ಈಗ ನಿನ್ನ ವಿಷಯ. ವಿಮೆ ಶುಲ್ಕದ ಬಗ್ಗೆ ನೀನು ಹೇಳಬೇಕೆಂದಿದ್ದು ನ್ಯಾಯವಾಗಿಯೇ ಇದೆ. ಅದನ್ನು ನಾಲ್ಕೇ ವಾಕ್ಯದಲ್ಲಿ ಬರೆದುಕೋ. ಎದ್ದು ಓದಿ ಕೂತುಕೋ. ಬಿದ್ದುಹೋದರೆ ಮುಂದಿನ ಸಭೆಯಲ್ಲಿ ಮತ್ತೆ ಎತ್ತು. ಉಚ್ಚಾರಣೆ ತಿದ್ದಲು ಸುಮ್ನೆ ಒದ್ದಾಡಬೇಡ. ಲೆಕ್ಕ ಸರಿಯಿದೆಯಾ ಅಂತ ಎರಡು ಸಲ ನೋಡು. ಬೇಕಿದ್ದರೆ ಆ ಅಂಕಿ-ಅಂಶದ ಹಾಳೆ ನನಗೆ ಕಳಿಸು, ರಾತ್ರಿ ಕೂತು ತಾಳೆ ನೋಡಿ ಬೆಳಿಗ್ಗೆ ಫೋನ್ ಮಾಡುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ