ಗುಳಿಗಿ ಸ್ಟ್ರಿಪ್ ಮ್ಯಾಲ ನಮ್ಮ ಜಿಲ್ಲಾದ ಹೆಸರು ಯಾವಾಗ ಬರತೈತ್ರಿ ಶಾಸಕರ?

ಮಾನ್ಯ ಶಾಸಕರಿಗೆ, ವಿಜಯಪುರದ ಒಬ್ಬ ಮೆಡಿಕಲ್ ಅಂಗಡಿಯವನ ನಮಸ್ಕಾರ್ರಿ.

ಅಂಗಡಿ ಇಟ್ಟು 22 ವರ್ಷ ಆತು. ಸ್ಟ್ರಿಪ್ ಹಿಂದ ಎಲ್ಲಿ ತಯಾರಾಗೇತಿ ಅಂತ ಓದೋದು ನನಗೊಂದು ಚಟ. ಹಿಮಾಚಲದ ಬದ್ದಿ, ಹೈದರಾಬಾದ್, ಅಹಮದಾಬಾದ್, ಗುಡ್ಡದ ಮ್ಯಾಲಿನ ಸಿಕ್ಕಿಂ ಸುದ್ದಾ ಐತಿ, ನಮ್ಮ ಜಿಲ್ಲಾ ಮಾತ್ರ ಒಂದ್ ಸಲಾನೂ ಕಣ್ಣಿಗೆ ಬಿದ್ದಿಲ್ಲ. ನೀವು ನುಂಗೋ ಗುಳಿಗಿನೂ ಅಲ್ಲಿಂದನ ಬರ್ತಾವ ಬಿಡ್ರಿ.

ನನ್ನ ಮಗ ಇಲ್ಲೇ ಬಿ.ಫಾರ್ಮ್ ಓದಿದ. ಉದ್ಯೋಗ ಮೇಳಕ್ಕ ಹೋದ್ರ ಊಟದ ಪಾರ್ಸಲ್ ಮುಟ್ಟಿಸೋ ಕೆಲಸ ಐತಿ ಅಂದ್ರು. ನಿಮ್ಮ ಮನಿಗೆ ಬಂದು ಕೇಳಿದ್ರ ನೀವು ನಕ್ಕೋತ "ಮಗನಿಗೂ ಒಂದು ಮೆಡಿಕಲ್ ಹಾಕ್ಸಿಬಿಡು" ಅಂದ್ರಿ. ನೆನಪೈತ್ರಿ? ಮಗ ರಾತ್ರಿ ಬಸ್ ಹತ್ತಿ ಹೈದರಾಬಾದ್ ಹತ್ರದ ಪಾಶಮೈಲಾರಂಕ್ಕ ಕೆಲಸಕ್ಕ ಹೋದ. 2025ರ ಜೂನ್ 30ಕ್ಕ ಅಲ್ಲೊಂದು ಔಷಧ ಕಾರ್ಖಾನಿ ಸಿಡಿದು 40ಕ್ಕಿಂತ ಹೆಚ್ಚು ಮಂದಿ ಸತ್ರಲ್ಲ, ಅವತ್ತು ಇವನ ಫೋನ್ ಮೂರು ತಾಸು ಹತ್ತಲಿಲ್ಲ, ನಾದಿದ ಹಿಟ್ಟು ಹಂಗ ಬಿಟ್ಟು ಅವರವ್ವ ಬಾಗಲದಾಗ ಕುಂತಾಕಿ ಏಳಲಿಲ್ರಿ. ಅವನದು ಬ್ಯಾರೆ ಕಂಪನಿ, ಉಳಿದ.

ಇಷ್ಟಾದ್ರೂ ಕಾರ್ಖಾನಿ ಬೇಕು ಅಂತನ ಕೇಳ್ತೀನಿ. ಕೇಂದ್ರ ಸರ್ಕಾರ 1961ರಾಗ ಐಡಿಪಿಎಲ್ ಅಂತ ತನ್ನದ ಔಷಧ ಕಂಪನಿ ಮಾಡಿ ಮುಂದ ಅದರದೊಂದು ಕಾರ್ಖಾನಿ ಹೈದರಾಬಾದಿಗೆ ಕೊಟ್ಟಿತು, ಐಡಿಪಿಎಲ್‌ನಾಗ ಕೆಲಸ ಕಲಿತ ಅಂಜಿ ರೆಡ್ಡಿಯವರು 1984ರಾಗ ಡಾ. ರೆಡ್ಡೀಸ್ ಅನ್ನೋ ಔಷಧ ಕಂಪನಿ ಕಟ್ಟಿದ್ರು. ಬದ್ದಿಗೆ 2003ರ ತೆರಿಗಿ ರಿಯಾಯಿತಿ ಸಿಕ್ಕಿತು, ಕಂಪನಿಗಳು ಸಾಲು ಹಚ್ಚಿ ಬಂದ್ವು. ಕಾರ್ಖಾನಿ ಒಂದ ಬರಂಗಿಲ್ರಿ, ರಟ್ಟಿನ ಬಾಕ್ಸ್ ಮಾಡಾವ, ಬಾಟ್ಲಿ ಮಾಡಾವ, ಲಾರಿಯವ, ಖಾನಾವಳಿಯಾಕಿ, ಬಾಡಗಿ ಖೋಲಿ ಕೊಡಾವ ಎಲ್ಲಾರ ಒಲಿನೂ ಉರಿತೈತಿ. ನಮ್ಮ ಹುಡುಗ ಇಲ್ಲಿ ಫೀಸ್ ಕಟ್ಟಿ ಕಲಿತು ಪಗಾರದ ಅರ್ಧ ಅಲ್ಲಿ ಬಾಡಗಿ, ಊಟಕ್ಕ ಸುರೀತಾನ.

ನಿಯಮ ಎಲ್ಲಾ ನಿಮಗ ಗೊತ್ತದಾವ, ನಾ ಏನ್ ಹೇಳ್ಲಿ. ಔಷಧ ಕಾರ್ಖಾನಿಗಂತನ ಒಂದು ಕೈಗಾರಿಕಾ ಎಸ್ಟೇಟ್ ಕೊಡ್ರಿ. ಮೊದಲ ಹೊಲಸು ನೀರು ಶುದ್ಧ ಮಾಡೋ ಘಟಕ ಕಟ್ರಿ, ಆಮ್ಯಾಲ ಕಂಪನಿ ಕರೀರಿ. ಯಾದಗಿರಿ ಜಿಲ್ಲಾದ ಕಡೇಚೂರು ಮಂದಿ ಕಾರ್ಖಾನಿ ವಾಸನಿ ತಡೀಲಾರದ ಒದರೋದು ಕೇಳೀವಿ, ಹಂಗ ಮಾಡಿ ಕೊಡೋದಾದ್ರ ಬ್ಯಾಡ. ಸುರಕ್ಷತಾ ತಪಾಸಣಿಗೂ ಖರೇನ ಬರೋ ಮಂದಿನ್ನ ಇಡ್ರಿ, ಚಾ ಕುಡಿದು ಸಹಿ ಹಾಕಿ ಹೋಗಾವ್ರು ಬ್ಯಾಡ.

ಎರಡು ಚುನಾವಣಿ ಆತು, "ಬರತೈತಿ ಬರತೈತಿ" ಅಂತೀರಿ. ಎಸ್ಟೇಟ್ ಕೊಡ್ರಿ ಸಾಹೇಬ್ರ. ಈ ಸಲ ಭಾಷಣ ಬ್ಯಾಡ್ರಿ, ಜಾಗಾದ ಸರ್ವೆ ನಂಬರ್ ಹೇಳ್ರಿ, ನಾನ ಹೋಗಿ ನೋಡ್ಕೊಂಡ್ ಬರ್ತೀನಿ.