ಅಳತೆಯ ಪ್ರತಿ ರೈತನ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಕಾಲುವೆಗೆ, ರೈಲು ಮಾರ್ಗಕ್ಕೆ ಜಮೀನು ಕೇಳಿದರೆ ರೈತರು ತಕರಾರು ತೆಗೆಯುತ್ತಾರೆ ಎಂಬ ಮಾತು ಚಿತ್ರದುರ್ಗ, ದಾವಣಗೆರೆ ಕಡೆ ಸಾಮಾನ್ಯ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ 29.90 ಟಿಎಂಸಿ ನೀರು, 367 ಕೆರೆ ತುಂಬಿಸುವ ಲೆಕ್ಕ ಇಲ್ಲಿ ಯಾರಿಗೂ ಬೇಡವಾಗಿಲ್ಲ. ಬರದ ಸೀಮೆಯವರು ನೀರಿಗೆ ಅಡ್ಡ ನಿಲ್ಲುವವರಲ್ಲ. ಯೋಜನೆ ಯಾವುದೇ ಇರಲಿ, ನಂಬಿಕೆ ಕೆಡುವುದು ಜಂಟಿ ಅಳತೆಯಲ್ಲಿ, ಅಂದರೆ ಅಧಿಕಾರಿಗಳು ರೈತನ ಎದುರೇ ಹೊಲ ಅಳೆದು ಅಲ್ಲಿರುವುದನ್ನು ಪಟ್ಟಿ ಮಾಡುವ ಹಂತದಲ್ಲಿ.

ಎಷ್ಟು ಗುಂಟೆ ಹೋಗುತ್ತದೆ, ಅಡಿಕೆ, ತೆಂಗಿನಲ್ಲಿ ಫಸಲಿಗೆ ಬಂದವು ಎಷ್ಟು, ಕೊಳವೆಬಾವಿ ಗಡಿಕಲ್ಲಿನ ಯಾವ ಬದಿಗಿದೆ ಎಂದು ಬರೆದು ರೈತನ ಸಹಿ ಪಡೆಯುತ್ತಾರೆ. ಆದರೆ ಪ್ರತಿಯನ್ನು ಕೈಗೆ ಕೊಡದಿದ್ದರೆ? ಪರಿಹಾರದ ಪಟ್ಟಿಯಲ್ಲಿ ಕೊಳವೆಬಾವಿ ಬಿಟ್ಟುಹೋಗಿ, ಫಸಲಿನ ಅಡಿಕೆ ಸಸಿ ಎಂದು ನಮೂದಾಗಿದ್ದರೆ ರೈತ ತೋರಿಸಬೇಕಾದದ್ದು ಏನನ್ನು? ಅಷ್ಟರಲ್ಲಿ ತೋಟವನ್ನೇ ಜೆಸಿಬಿ ನೆಲಸಮ ಮಾಡಿರಬಹುದು. ಹಾಗಾಗಿ ಅಳತೆಯ ಹಾಳೆ ಮೂರು ಪ್ರತಿ ಆಗಲಿ. ಒಂದು ಹೊಲದಲ್ಲೇ ರೈತನಿಗೆ, ಒಂದು ಗ್ರಾಮ ಪಂಚಾಯಿತಿ ಫಲಕಕ್ಕೆ, ಒಂದು ಕಚೇರಿಗೆ. ಸರ್ವೆ ನಂಬರ್ ಬರೆದ ಹಲಗೆ ಹಿಡಿದು ಬಾವಿ, ಪೈಪ್‌ಲೈನ್, ಮರಗಳ ಫೋಟೊವನ್ನೂ ತೆಗೆದಿಡಲಿ.

ಇನ್ನೊಂದು ತೊಡಕು ದಾಖಲೆಯದು. ತೀರಿಹೋದ ಅಜ್ಜನ ಹೆಸರಲ್ಲೇ ಪಹಣಿ ಇರುತ್ತದೆ, ಅಣ್ಣತಮ್ಮಂದಿರ ನಡುವೆ ಪೋಡಿ (ಪಾಲಿನಂತೆ ಜಮೀನು ಅಳೆದು ಬೇರ್ಪಡಿಸುವುದು) ಆಗಿರುವುದಿಲ್ಲ. ಹಣ ಯಾರಿಗೆಂಬ ವ್ಯಾಜ್ಯ ಎದ್ದರೆ ಅದು ಕೈಸೇರದೆ ಠೇವಣಿಯಾಗಿ ಕೂರುತ್ತದೆ. ಅಧಿಸೂಚನೆಗೆ ಮೊದಲೇ ಊರಿನಲ್ಲೇ ಫೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಪೋಡಿ ಅದಾಲತ್ ನಡೆಸಿದರೆ ಈ ಪೈಕಿ ಬಹುಪಾಲು ಅಲ್ಲೇ ಬಗೆಹರಿಯುತ್ತದೆ.

2013ರ ಭೂಸ್ವಾಧೀನ ಕಾಯ್ದೆ ರೈತನ ಪರವಾಗಿ ಸಾಕಷ್ಟು ಹೇಳುತ್ತದೆ. ಪ್ರಾಥಮಿಕ ಅಧಿಸೂಚನೆಯಾದ 60 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಕಾಲುವೆ ಹೊಲವನ್ನು ಸೀಳಿ ಆಚೆ ಹತ್ತು ಗುಂಟೆ ಉಳಿದರೆ, ಹಾಗೆ ತುಂಡಾದದ್ದರ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಬಹಳ ಜನರಿಗೆ ತಿಳಿದೇ ಇಲ್ಲ: ಪರಿಹಾರ ಕಡಿಮೆ ಅನಿಸಿದರೆ ಹಣ ಬೇಡ ಎನ್ನಬೇಕಿಲ್ಲ, ‘ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ’ ಎಂದು ಬರೆದು ಪಡೆಯಬಹುದು. ಹಾಗೆ ಬರೆಯದೆ ಪಡೆದವರಿಗೆ 64ನೇ ಸೆಕ್ಷನ್ ಅಡಿ ಹೆಚ್ಚಿನ ಪರಿಹಾರ ಕೇಳುವ ಹಾದಿ ಮುಚ್ಚುತ್ತದೆ. ಐತೀರ್ಪಿನ (ಪರಿಹಾರ ನಿಗದಿ ಮಾಡುವ ಆದೇಶದ) ದಿನ ಹಾಜರಿದ್ದವರು ಆರು ವಾರದೊಳಗೆ ಈ ಅರ್ಜಿ ಕೊಡಬೇಕು.

ಕಾಯ್ದೆಯ ಈ ಅಂಶಗಳನ್ನೆಲ್ಲ ನೋಟಿಸಿನ ಹಿಂಬದಿಯಲ್ಲಿ ದಪ್ಪ ಅಕ್ಷರದ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಲು ಜಿಲ್ಲಾಧಿಕಾರಿಗಳು ಸೂಚಿಸಬೇಕು. ಅಳತೆ ಬಾಕಿ ಇರುವ ಹಳ್ಳಿಗಳಿಂದಲೇ ಇದು ಶುರುವಾಗಲಿ.

– ನಿವೃತ್ತ ಸರ್ವೇಯರ್, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ