ಕಾಯಿಲ್ ಕೊಳ್ಳುವ ಮುನ್ನ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ದೋಣಿಯ ಹಿಂದೆ ಕಟ್ಟುವ ಹಳೆಯ ಔಟ್‌ಬೋರ್ಡ್ ಮೋಟಾರು ಹಗ್ಗ ಎಳೆದೆಳೆದು ಭುಜ ನೋವು ಬಂದರೂ ಸ್ಟಾರ್ಟ್ ಆಗುವುದಿಲ್ಲ, ಆದ ದಿನ ಇಪ್ಪತ್ತು ನಿಮಿಷ ಓಡಿ ನಡುನೀರಿನಲ್ಲಿ ನಿಂತುಬಿಡುತ್ತದೆ, ಕಿಡಿಗೆ ಕರೆಂಟ್ ಕೊಡುವ ಎರಡು ಕಾಯಿಲ್ ತರಿಸಿಬಿಡಲೇ ಮಾವ ಎಂದು ಕೇಳಿದ್ದೀಯ. ಈಗಲೇ ತರಿಸಬೇಡ. ಅದಕ್ಕಿಂತ ಮುಂಚೆ ಇನ್ನೊಂದು ಮಾತು: ಈ ತೊಂದರೆ ತೀರುವ ತನಕ ದಡ ಬಿಟ್ಟು ದೂರ ಹೋಗಬೇಡ. ಹತ್ತಿರದಲ್ಲೇ ಓಡಿಸಿ ನೋಡುವಾಗಲೂ ದೋಣಿಯಲ್ಲಿ ಹುಟ್ಟು, ಲಂಗರು ಎರಡೂ ಇರಲಿ. ಮೋಟಾರು ನಿಂತ ಮೇಲೆ ದೋಣಿ ಗಾಳಿಯ ಪಾಲು. ಇದನ್ನು ನಾನು ನಿನಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ನಿನ್ನಷ್ಟೇ ವಯಸ್ಸಿನಲ್ಲಿ ನನಗೂ ಹೀಗೇ ಆಗಿತ್ತು. ಒಬ್ಬ ಮೆಕ್ಯಾನಿಕ್ ನೋಡಿದವನೇ ಎರಡೂ ಕಾಯಿಲ್ ಹೋಗಿವೆ ಎಂದ. ಹೊಸವನ್ನು ಹಾಕಿಸಿದೆ. ಕಿಡಿ ಬರಲಿಲ್ಲ. ಕೊನೆಗೆ ನೋಡಿದರೆ ಮೋಟಾರು ನಿಲ್ಲಿಸುವ ಗುಂಡಿಗೆ, ಅಂದರೆ ಕಿಲ್ ಸ್ವಿಚ್ಚಿಗೆ ಹೋಗುವ ವೈರಿನ ಸಿಪ್ಪೆ ಒಂದು ಕಡೆ ಸವೆದು, ತಾಮ್ರ ಎಂಜಿನ್ನಿನ ಬಾಡಿಗೆ ತಾಗುತ್ತಿತ್ತು. ಆ ನೋವು ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿನ್ನ ಮೋಟಾರಿನದು ಪಾಯಿಂಟ್, ಅಂದರೆ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು ಇರುವ ಮ್ಯಾಗ್ನೆಟೊ. ಕಿಡಿಗೆ ಬ್ಯಾಟರಿ ಬೇಡ. ಫ್ಲೈವೀಲಿನ, ಅಂದರೆ ಹಗ್ಗ ಎಳೆದಾಗ ತಿರುಗುವ ಭಾರದ ಚಕ್ರದ ಒಳಗಿರುವ ಅಯಸ್ಕಾಂತ ಕಾಯಿಲ್ ಪಕ್ಕದಲ್ಲಿ ಹಾದಾಗ ಒಳಸುತ್ತಿನಲ್ಲಿ ಕರೆಂಟ್ ಹುಟ್ಟುತ್ತದೆ. ಸರಿಯಾದ ಗಳಿಗೆಯಲ್ಲಿ ಪಾಯಿಂಟ್ ತೆರೆದುಕೊಂಡು ಅದನ್ನು ಕಡಿದುಹಾಕಿದಾಗ ಹೊರಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿಗೆ ಹಾರುತ್ತದೆ. ಕಿಲ್ ಸ್ವಿಚ್ ಮಾಡುವ ಕೆಲಸ ಇಷ್ಟೇ: ಆ ಒಳಸುತ್ತನ್ನು ಬಾಡಿಗೆ ಅರ್ತ್ ಮಾಡುವುದು. ಹಾಗಾಗಿ ಸವೆದ ವೈರು ಬಾಡಿಗೆ ತಾಗಿದರೆ ಸ್ವಿಚ್ಚನ್ನು ಸದಾ ಒತ್ತಿ ಹಿಡಿದಂತೆಯೇ. ಇನ್ನೊಂದು ವಿಷಯ ಗಮನಿಸು. ಎರಡು ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್, ಬೇರೆ ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಬೇರೆ ಕಂಡೆನ್ಸರ್ ಇವೆ. ಒಂದರಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ ಆ ಕಡೆಯ ಸಾಮಾನನ್ನು ಅನುಮಾನಿಸು. ಎರಡರಲ್ಲೂ ಒಟ್ಟಿಗೆ ಇಲ್ಲವೆಂದರೆ ಎರಡು ಕಾಯಿಲ್ ಒಂದೇ ದಿನ ಸಾಯುವುದು ಅಪರೂಪ. ಎರಡಕ್ಕೂ ಸೇರಿದ್ದು ಯಾವುದೋ ಅದನ್ನು ಮೊದಲು ನೋಡು, ಅಂದರೆ ಕಿಲ್ ಸ್ವಿಚ್ಚು.

ಮೊದಲು ಎರಡೂ ಪ್ಲಗ್ ಬಿಚ್ಚು. ತುದಿ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಅನುಮಾನ ಕಿಡಿಯ ಮೇಲೆ, ಒಣಗಿದ್ದರೆ ಪೆಟ್ರೋಲಿನ ಮೇಲೆ. ಆಮೇಲೆ ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಹಾಕಿ ನೋಡು. ಪ್ಲಗ್ಗನ್ನೇ ಬಾಡಿಗೆ ಒತ್ತಿ ಕಿಡಿ ನೋಡುವುದು ಎಲ್ಲರ ರೂಢಿ, ಆದರೆ ಅದನ್ನು ನಂಬಬೇಡ. ಬಯಲು ಗಾಳಿಯಲ್ಲಿ ಹಾರುವ ಬಡಕಲು ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರುವುದಿಲ್ಲ. ಟೆಸ್ಟರಿನಲ್ಲಿ 6 ಮಿ.ಮೀ. ಅಂತರ ಬಿಟ್ಟು ಹಗ್ಗ ಎಳೆ. ನೀಲಿ ಬಣ್ಣದಲ್ಲಿ, ಚಟ್ ಎಂಬ ಸದ್ದಿನೊಡನೆ ಹಾರಿದರೆ ಸರಿ. ಹಳದಿಯಾಗಿ ನೂಲಿನಂತೆ ಬಂದರೆ ಸಾಲದು. ಟೆಸ್ಟರನ್ನು ಪ್ಲಗ್ ರಂಧ್ರದಿಂದ ದೂರ ಇಡು. ಆ ರಂಧ್ರದಿಂದ ಪೆಟ್ರೋಲಿನ ಆವಿ ಬರುತ್ತಿರುತ್ತದೆ, ಹೊತ್ತಿಕೊಂಡೀತು.

ಕಿಡಿ ಇಲ್ಲವೇ? ಕಿಲ್ ಸ್ವಿಚ್ಚಿನ ವೈರುಗಳನ್ನು ಮೋಟಾರಿನ ಕಡೆ ಬಿಡಿಸಿ ಮತ್ತೆ ಎಳೆ. ಈಗ ಬಂತೆಂದರೆ ಕಳ್ಳ ಸಿಕ್ಕ: ಸ್ವಿಚ್ಚು, ಇಲ್ಲವೇ ವೈರು. ಆ ವೈರು ಬಿಡಿಸಿ ಮೋಟಾರು ಓಡಿಸಿದರೆ ಗುಂಡಿ ಒತ್ತಿದರೂ ಅದು ನಿಲ್ಲುವುದಿಲ್ಲ, ಚೋಕ್ ಎಳೆದೇ ನಿಲ್ಲಿಸಬೇಕು. ಹಾಗೇ ದೋಣಿ ಮಾತ್ರ ಹೊರಡಿಸಬೇಡ.

ಅಲ್ಲಿಂದ ಪ್ಲಗ್ ಕ್ಯಾಪ್. ಒಳಗಿನ ಸ್ಪ್ರಿಂಗ್ ಉಪ್ಪುನೀರಿಗೆ ಹಸಿರು ಹಿಡಿದಿರುತ್ತದೆ. ಕತ್ತಲಾದ ಮೇಲೆ ಒಮ್ಮೆ ಹಗ್ಗ ಎಳೆಸಿ ನೋಡು, ಪ್ಲಗ್ ವೈರಿನ ಮೇಲೆ ನೀಲಿ ಗೆರೆ ಹರಿದಾಡಿದರೆ ಕರೆಂಟ್ ದಾರಿಯಲ್ಲೇ ಸೋರುತ್ತಿದೆ.

ಇಷ್ಟಕ್ಕೂ ಸಿಗದಿದ್ದರೆ ಮಾತ್ರ ಫ್ಲೈವೀಲ್ ತೆಗೆ. ಚಕ್ರ ಎಳೆದು ಬಿಡಿಸುವ ಪುಲ್ಲರ್ ಹಾಕು, ಸುತ್ತಿಗೆ ಮುಟ್ಟಬೇಡ. ತೆಗೆದ ಕೂಡಲೇ ಕ್ರ್ಯಾಂಕ್ ದಂಡದ ಮೇಲಿನ ಕೀ, ಅಂದರೆ ಫ್ಲೈವೀಲ್ ಜರುಗದಂತೆ ಹಿಡಿಯುವ ಸಣ್ಣ ಲೋಹದ ತುಂಡನ್ನು ನೋಡು. ಅದು ಸ್ವಲ್ಪ ಕತ್ತರಿಸಿ ಜರುಗಿದ್ದರೂ ಕಿಡಿ ಚೆನ್ನಾಗಿಯೇ ಇರುತ್ತದೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಆಮೇಲೆ ಪಾಯಿಂಟ್. ಬಹಳ ದಿನ ಸುಮ್ಮನೆ ನಿಂತ ಮೋಟಾರಿನಲ್ಲಿ ಪಾಯಿಂಟಿನ ಮುಖಕ್ಕೆ ಬೂದು ಬಣ್ಣದ ತೆಳು ಪೊರೆ ಕಟ್ಟಿರುತ್ತದೆ, ಬರಿಗಣ್ಣಿಗೆ ಏನೂ ಇಲ್ಲದಂತೆ ಕಾಣುತ್ತದೆ. ಅಷ್ಟು ಸಾಕು ಕಿಡಿ ಸಾಯಲು. ನುಣ್ಣನೆಯ ಉಜ್ಜುಕಾಗದದಿಂದ ಎರಡು ಸಲ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಬಿಳಿಯ ಗಟ್ಟಿ ಕಾಗದದ ಪಟ್ಟಿಯನ್ನು ಮುಚ್ಚಿದ ಪಾಯಿಂಟಿನ ನಡುವೆ ಎಳೆ. ಕಾಗದಕ್ಕೆ ಕಪ್ಪು ಗೆರೆ ಹತ್ತುವುದು ನಿಲ್ಲುವ ತನಕ ಮತ್ತೆ ಮತ್ತೆ ಹೊಸ ಪಟ್ಟಿ ಎಳೆಯುತ್ತಿರು. ಬೆರಳು ತಾಗಿಸಬೇಡ, ಕೈಯ ಜಿಡ್ಡೂ ಅಡ್ಡ ಬರುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ನಿನ್ನ ಮೋಟಾರಿಗೆ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್ ಅಂತರ ಇರಬೇಕು. ಎರಡರಲ್ಲೂ ಒಂದೇ ಸಮ ಇಡು. ಅಂತರ ಹೆಚ್ಚಾದ ಕಡೆ ಕಿಡಿ ಮೊದಲೇ ಬಂದುಬಿಡುತ್ತದೆ. ಪಾಯಿಂಟ್ ಸುಟ್ಟು ಗುಳಿ ಬಿದ್ದಿದ್ದರೆ ಕಂಡೆನ್ಸರ್ ಮೇಲೆ ಅನುಮಾನಪಡು. ಕಾಯಿಲ್ ಹೊದಿಕೆಯಲ್ಲಿ ಬಿರುಕು ಕಂಡರೆ ಅದನ್ನು ಬದಲಿಸು, ಆ ಬಿರುಕಿನಲ್ಲಿ ತೇವ ಕೂರುತ್ತದೆ.

ಫ್ಲೈವೀಲ್ ಮರಳಿ ಕೂರಿಸುವಾಗ ಕ್ರ್ಯಾಂಕಿನ ಇಳಿಜಾರಾದ ಭಾಗವನ್ನೂ ಫ್ಲೈವೀಲಿನ ರಂಧ್ರವನ್ನೂ ಒಣಗಿಸಿ ಒರೆಸು. ಆಯಿಲ್ ಬೇಡ. ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಪುಸ್ತಕ ಹೇಳಿದಷ್ಟೇ ಬಿಗಿ ಮಾಡು. ಸಡಿಲ ಬಿಟ್ಟರೆ ಆ ಕೀ ಮತ್ತೆ ಕತ್ತರಿಸುತ್ತದೆ.

ಇನ್ನು ಇಪ್ಪತ್ತು ನಿಮಿಷಕ್ಕೆ ನಿಲ್ಲುವ ಸಂಗತಿ. ಬಿಸಿಯಾದಾಗ ಸತ್ತು ತಣ್ಣಗಾದಾಗ ಬದುಕುವ ಕಾಯಿಲ್‌ಗಳು ಉಂಟು, ನಿನ್ನ ಅನುಮಾನ ತಪ್ಪಲ್ಲ. ಆದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ಸ್ಕ್ರೂ ತೆರೆಯದಿದ್ದರೂ ಮೋಟಾರು ಸರಿಯಾಗಿ ಹೀಗೇ ನಿಲ್ಲುತ್ತದೆ. ಅದಕ್ಕೆ ಟೆಸ್ಟರ್ ಜೇಬಿನಲ್ಲೇ ಇರಲಿ. ನಿಂತ ಒಂದೆರಡು ನಿಮಿಷದೊಳಗೆ, ಬಿಸಿ ಆರುವ ಮೊದಲು ಕಿಡಿ ನೋಡು. ಕಿಡಿ ಗಟ್ಟಿಯಾಗಿದ್ದರೆ ಟ್ಯಾಂಕಿನ ಕಡೆ ಹೋಗು. ಒಂದು ಸಿಲಿಂಡರಿನಲ್ಲಿ ಕಿಡಿ ಹೋಗಿದ್ದರೆ ಎರಡು ಕಾಯಿಲ್‌ಗಳ ಜಾಗ ಅದಲು ಬದಲು ಮಾಡಿ ಮತ್ತೆ ಓಡಿಸು. ತೊಂದರೆ ಕಾಯಿಲ್ ಜೊತೆಗೆ ಆ ಕಡೆಗೆ ಹೋದರೆ ಆಗ ಒಂದು ಕಾಯಿಲ್ ಕೊಳ್ಳು, ಎರಡಲ್ಲ. ಹೋಗದಿದ್ದರೆ ಕಂಡೆನ್ಸರ್ ಬದಲಿಸು. ತಣ್ಣಗಿರುವಾಗ ಮಲ್ಟಿಮೀಟರ್ ತೋರಿಸುವ ಅಂಕಿಯನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ.

ನನ್ನ ಪುಲ್ಲರ್, ಅಂತರ ಅಳೆಯುವ ಫೀಲರ್ ಗೇಜ್, ಟೆಸ್ಟರ್ ಮೂರನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. 0.020ರ ಎಲೆಯ ಬುಡಕ್ಕೆ ಕೆಂಪು ಬಣ್ಣ ಹಚ್ಚಿದ್ದೇನೆ, ಹುಡುಕಬೇಕಾಗಿಲ್ಲ. ಕಿಲ್ ಸ್ವಿಚ್ಚಿನ ವೈರು ಬಿಡಿಸುವ ಮೊದಲು ಕಿಡಿ ಹೇಗಿತ್ತು, ಬಿಡಿಸಿದ ಮೇಲೆ ಹೇಗಾಯಿತು, ಎರಡೂ ಸಿಲಿಂಡರಿನದನ್ನು ಬೇರೆ ಬೇರೆಯಾಗಿ ಬರೆದು ತಿಳಿಸು. ಅಕ್ಕನಿಗೆ ನನ್ನ ನಮಸ್ಕಾರ ಹೇಳು.

ಇಂತು ನಿನ್ನ
ಸೋದರಮಾವ